ಸೋಪಿನ ಅಚ್ಚು

ಸಿದ್ದಾಪುರದಲ್ಲಿ, ಒಣಮೀನಿನ ಅಂಗಡಿಗೂ ಮೆಡಿಕಲ್ಲಿಗೂ ನಡುವೆ
ನಾಲ್ಕಡಿ ಅಗಲ ನನ್ನದು.
ಉಪ್ಪ ಇದ್ದಾಗ ಇಲ್ಲಿ ಬೀಗ ರಿಪೇರಿ,
ಈಗ ಮೊಬೈಲು.
ಬೋರ್ಡು ಬದಲಾಗಿದೆ, ಸ್ಟೂಲು ಅದೇ.

ಭಾನುವಾರ ಸಂತೆ. ತೋಟದ ಜೀಪುಗಳು
ಲೈನ್ ಮನೆಯ ಜನರನ್ನು ತಂದು ಸುರಿಯುತ್ತವೆ.
ಫೋನು ಕೈಗಿಟ್ಟು, ನಾನು ಕೇಳದಿದ್ದರೂ,
ಪಿನ್ನು ಕೂಗಿ ಹೇಳುತ್ತಾರೆ,
ಪಕ್ಕದವನು ಮೀನಿನ ರೇಟು ಕೂಗುವಂತೆ.
ಒಬ್ಬ ಕವರಿನ ಒಳಗೆ ಬರೆದೇ ಇಟ್ಟಿದ್ದಾನೆ,
ಮರೆತುಹೋಗುತ್ತಂತೆ.
ಅರ್ಧ ಊರಿನ ಬಾಗಿಲು ನನ್ನ ಬೆರಳ ತುದಿಯಲ್ಲಿದೆ.
ಹೆಮ್ಮೆಗೆ ಹೇಳುತ್ತಿಲ್ಲ.

ಸುಗನಿ ಬಂದದ್ದು ಹನ್ನೊಂದಕ್ಕೆ.
ಗುಮ್ಲಾ ಕಡೆಯವಳು, ರೊಬಸ್ಟಾ ಕುಯ್ಲಿಗೆ ಇದು ಎರಡನೇ ವರ್ಷ;
ಕನ್ನಡ ಅರ್ಧ, ಉಳಿದದ್ದು ಕೈಸನ್ನೆ.
"ಅಕ್ಕಾ, ನಿಮ್ಮ ನೆಟ್ಟು ಮೋಸ.
ದಿನಕ್ಕೆ ಒಂದೂವರೆ ಜಿಬಿ ಅಂದ್ರಿ,
ಮಧ್ಯಾಹ್ನಕ್ಕೇ ಖಾಲಿ.
ಸಂಜೆ ತಂಗಿಗೆ ಮಾಡಿದ್ರೆ
ಅವಳ ಮುಖ ಚೌಕ ಚೌಕ ಒಡೆದು
ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ."

ದಿನಾ ಹೇಳುವುದನ್ನೇ ಹೇಳಿದೆ:
ವಿಡಿಯೊ ಬೇಡ, ದನಿ ಸಾಕು.
ಸೆಟ್ಟಿಂಗಿನಲ್ಲಿ ಕಡಿಮೆ ಡೇಟಾ ಒತ್ತು.
ಗುಂಪಿನ ಫೋಟೊ ತಾನಾಗಿ ಇಳಿಯದ ಹಾಗೆ ಮಾಡು.
ಹೇಳುತ್ತಲೇ ಲೆಕ್ಕದ ಪುಟ ತೆರೆದೆ.

ಕರೆ ತಿಂದದ್ದು ಎಪ್ಪತ್ತು ಎಂಬಿ. ಹಾಡು ಒಂದಿಷ್ಟು.
ಎಲ್ಲಕ್ಕಿಂತ ಮೇಲೆ, ಹೊಟ್ಟೆಬಾಕನಂತೆ,
'ಬ್ಯಾಟರಿ ಸೇವೆ' ಅಂತ ಒಂದು.
ಬೂದು ಬಣ್ಣದ ಗುರುತು, ನೋಡಲು ಸಾಧು.
ಬ್ಯಾಟರಿಗೆ ಮೈಕು ಯಾಕೆ?
ಬ್ಯಾಟರಿಗೆ ಅವಳು ನಿಂತ ಜಾಗ ಯಾಕೆ?

"ಫೋನು ಯಾರ ಕೈಗಾದರೂ ಕೊಟ್ಟಿದ್ದೆಯಾ?"
"ರೈಟರು. ಆಧಾರ್ ಕೆಲಸಕ್ಕೆ ಅಂತ, ಒಂದು ರಾತ್ರಿ.
ಪಿನ್ನೂ ಅವರೇ ಹಾಕಿ ಕೊಟ್ಟರು, ಸುಲಭದ್ದು."

ಕರೆಗೆ ಬೀಗವಿದೆ ಅಂತ ಕಂಪನಿ ಬರೆಯುತ್ತದೆ,
ದಾರಿಯಲ್ಲಿ ಯಾರೂ ಕದ್ದು ಕೇಳಲಾರರು.
ಸುಳ್ಳಲ್ಲ.
ದಾರಿಗೆ ಬೀಗ ಜಡಿದು ಬಂದರೆ
ಕಳ್ಳ ಮಂಚದ ಕೆಳಗೇ ಮಲಗಿದ್ದಾನೆ.
ನಮ್ಮ ಆನೆಗಳ ಕೊರಳಿಗೂ ಪಟ್ಟಿ ಕಟ್ಟಿದ್ದಾರೆ,
ಇವತ್ತು ಯಾವ ತೋಟದಲ್ಲಿದೆ ಅಂತ ಮೆಸೇಜು ಬರುತ್ತದೆ.
ಆನೆಗಾದರೂ ಭಾರ ಗೊತ್ತಾಗುತ್ತದೆ.

"ಈಗಲೂ ಕೇಳ್ತಿದೆಯಾ?"
"ಕೇಳ್ತಿರಬಹುದು."
ಫೋನನ್ನು ಬಾಯಿಯ ಹತ್ತಿರ ಹಿಡಿದು
ತನ್ನ ನುಡಿಯಲ್ಲಿ ಏನೋ ಹೇಳಿದಳು,
ಉದ್ದಕ್ಕೆ, ನಿಲ್ಲಿಸಿ ನಿಲ್ಲಿಸಿ,
ಬರೆದುಕೊಳ್ಳುವವನಿಗೆ ತೊಂದರೆಯಾಗದ ಹಾಗೆ.
ಹಿಂದೆ ನಿಂತಿದ್ದ ಅವಳೂರಿನ ಇಬ್ಬರು
ಸೆರಗು ಬಾಯಿಗೆ ತುರುಕಿಕೊಂಡರು.
"ಈಗ ತೆಗೀರಿ ಅಕ್ಕಾ."

ಉಪ್ಪ ಕೀಲಿಯ ಅಚ್ಚು ತೆಗೆಯುತ್ತಿದ್ದದ್ದು ಕೆಂಪು ಸೋಪಿನಲ್ಲಿ.
ಹೊಸ ಕೀಲಿ ಅರೆದು ಕೊಟ್ಟ ಮೇಲೆ, ಗಿರಾಕಿಯ ಎದುರೇ
ಅದೇ ಸೋಪಿನಲ್ಲಿ ಕೈ ತೊಳೆಯುತ್ತಿದ್ದರು,
ಅಚ್ಚಿನ ಹಲ್ಲು ಒಂದೊಂದೇ ಅಳಿಯುವ ತನಕ.
ಚಿಕ್ಕವಳು ನಾನು,
ಗ್ರೀಸು ತೊಳೆಯುತ್ತಾರೆ ಅಂದುಕೊಂಡಿದ್ದೆ.

"ಹೊಸ ಪಿನ್ನು ನೀನೇ ಹಾಕು. ನನಗೂ ಹೇಳಬೇಡ."
ಗೋಡೆಗೆ ಮುಖ ಮಾಡಿ ನಿಂತೆ, ಕ್ಯಾಲೆಂಡರು ನೋಡುತ್ತ.
ಟಿಕ್, ಟಿಕ್, ಟಿಕ್. ತುಸು ತಡೆದಳು.
ಯಾರ ಹುಟ್ಟಿದ ದಿನವೋ, ಯಾವ ರೈಲಿನ ನಂಬರೋ...
ಅಷ್ಟು ಊಹಿಸಿದ್ದೇ ಕಳವು ಅನಿಸಿ
ಆ ತಿಂಗಳ ರಜೆಗಳನ್ನು ಎಣಿಸತೊಡಗಿದೆ.
ಮತ್ತೆ ಮೂರು ಸದ್ದು.

ಮೂವತ್ತು ಅಂದೆ. ಇಪ್ಪತ್ತು ಕೊಟ್ಟಳು.
ನಾಳೆ ಬೆಳಿಗ್ಗೆ ಕಾಫಿ ಅಳೆಯುವಾಗ
ರೈಟರ ಎದುರು ಅವಳೇ ನಿಲ್ಲಬೇಕು;
ಅದಕ್ಕೆ ನನ್ನಲ್ಲಿ ಸೆಟ್ಟಿಂಗಿಲ್ಲ.

ಯಾವಾಗಲೂ ಫೋನನ್ನು ತಟ್ಟೆಯ ಹಾಗೆ ಅಂಗೈಲಿಟ್ಟು
ಸ್ಪೀಕರು ಹಾಕಿ ಮಾತಾಡುವವಳು
ಇವತ್ತು ಕಿವಿಗೆ ಒತ್ತಿಕೊಂಡು
ಈರುಳ್ಳಿ ರಾಶಿ ದಾಟಿ ಹೋದಳು.
ತಂಗಿಗೆ ಏನೆಂದಳೋ.
ಜೀಪೊಂದು ಹಿಂದಕ್ಕೆ ಬರುತ್ತಿತ್ತು, ನನಗೆ ಕೇಳಿಸಲಿಲ್ಲ.