ಎರಡು ಹಸಿರು

ಸೊಹಾರ್ ಬಂದರಿನ ಹಿಂದೆ, ಕಾರ್ಮಿಕರ ಕ್ಯಾಂಪಿನ ತಾರಸಿಗಳನ್ನು
ಅಳೆಯಬೇಕಿತ್ತು, ಸೋಲಾರ್ ಹಲಗೆ ಕೂರಿಸಲಿಕ್ಕೆ.
ಬೆಳಿಗ್ಗೆ ಆರೂವರೆ. ಆಗಲೇ ಮೂವತ್ತೆಂಟು ಡಿಗ್ರಿ.
ಡ್ರೋನ್ ನೂರು ಮೀಟರ್ ಏರಿ
ಗಳೆ ಹೊಡೆದಂತೆ ಸಾಲು ಹಿಡಿದು ಹೋಗಿ, ತಿರುಗಿ, ಹೋಗಿ
ನಾನೂರ ಹನ್ನೆರಡು ಚಿತ್ರ ತಂದಿತು.

ಪೆಟ್ಟಿಗೆಯ ಮೇಲೆ ಬರೆದಿದೆ: ಎರಡು ಕೋಟಿ ಚುಕ್ಕಿ.
ಸುಳ್ಳಲ್ಲ.
ಆದರೆ ಒಂದೊಂದು ಚುಕ್ಕಿಯ ಮುಖಕ್ಕೂ ಒಂದೇ ಬಣ್ಣದ ಗಾಜು;
ಕೆಂಪು ಗಾಜಿನ ಹಿಂದೆ ಕೂತದ್ದಕ್ಕೆ ಕೆಂಪಷ್ಟೇ ಗೊತ್ತು,
ನೀಲಿಯ ಹಿಂದಿನದಕ್ಕೆ ನೀಲಿ.
ಉಳಿದೆರಡು ಏನಿದ್ದೀತೆಂದು
ಅಕ್ಕಪಕ್ಕದ ಮನೆಯವರನ್ನು ಕೇಳಿ ತುಂಬಿಕೊಳ್ಳುವುದು.
ಮೂರರಲ್ಲಿ ಎರಡು ಪಾಲು ಕೇಳಿದ ಮಾತು.

ಅದರಲ್ಲೂ ನಾಲ್ಕು ಮನೆಗೆ ಎರಡು ಹಸಿರು,
ಒಂದು ಕೆಂಪು, ಒಂದು ನೀಲಿ.
ಮನುಷ್ಯನ ಕಣ್ಣಿಗೆ ಹಸಿರೇ ಹೆಚ್ಚು ಹತ್ತುತ್ತದಂತೆ.
ಯಾವ ಊರಿನ ಮನುಷ್ಯನೋ.
ಇಲ್ಲಿ, ಎಸಿಯಿಂದ ತೊಟ್ಟಿಕ್ಕುವ ನೀರು ಕುಡಿದು
ಗೇಟಿನ ಬಳಿ ಬದುಕಿದ ಒಂದು ಬೇವು ಬಿಟ್ಟರೆ
ಮೈಲಿಗಟ್ಟಲೆ ಕಂದು.

ಸಂಜೆ ಹುಸೇನಪ್ಪ ಬಂದು ಲ್ಯಾಪ್‌ಟಾಪಿನ ಮುಂದೆ ಕೂತ.
ದೇವದುರ್ಗದ ಕಡೆಯವನು, ಟ್ಯಾಂಕುಗಳಿಗೆ ಅಟ್ಟ ಕಟ್ಟುವ ಕೆಲಸ.
"ನಾ ಕಾಣಸ್ತೀನೇನ್ರೀ ಇದರಾಗ?
ನಿಮ್ಮ ಹುಳ ಗುಂಯ್ ಅನ್ನಾಗ ಅರಿಬಿ ಒಣಹಾಕ್ಲಿಕತ್ತಿದ್ದೆ."

ದೊಡ್ಡದು ಮಾಡಿದೆ. ಏಳನೇ ಬ್ಲಾಕು.
ಗಾಳಿಗೆ ಅಡ್ಡ ಮಲಗಿದ ನೀಲಿ ಡಾಂಗ್ರಿ, ನೀಲಿ ಡಾಂಗ್ರಿ, ನೀಲಿ.
ನಾಲ್ಕರಲ್ಲಿ ಒಂದೇ ಕಣ್ಣು ಕಂಡ ನೀಲಿ,
ಅಂಚು ಕಲಸಿ, ಎಲ್ಲೂ ಇರದ ನೇರಳೆ ಹತ್ತಿಕೊಂಡಿದೆ.
ಹಗ್ಗ ಇಲ್ಲವೇ ಇಲ್ಲ.
ಪಕ್ಕದಲ್ಲೊಂದು ಕಪ್ಪು ತಲೆ, ಎರಡು ಭುಜ. ಯಾರದೂ ಆಗಬಹುದು.

"ಎಲ್ಲಾರ ಅರಿಬೀನೂ ಒಂದ ನಮೂನಿ ಅದಾವ್ರಿ.
ಗುರ್ತಿಗೆ ಕೆಂಪು ಕ್ಲಿಪ್ಪು ಹಾಕಿದ್ದೆ, ಮಗಳ ಜಡೀದು.
ಅದಾದ್ರೂ?"

ಹುಡುಕಿದೆ. ಹೆಬ್ಬೆರಳ ಉಗುರಗಲದ ಆ ಕೆಂಪು
ಹಸಿರು ಗಾಜಿನ ಮನೆಯೆದುರು ಬಿದ್ದಿತ್ತು.
ಹಸಿರು ಅದನ್ನು ಒಳಗೆ ಬಿಡಲಿಲ್ಲ.
ನೆರೆಯವರು ಹೇಳಿದರು: ಸಿಮೆಂಟು.

"ಅಂದ್ರ ಕೌದಿ ಅನ್ರಿ," ಅಂದ.
"ತುಂಡು ಸಾಲದಿದ್ರ ಬಾಜೂದ್ದ ಎಳದು ಹೊಲಿಯೋದು."
ನಕ್ಕ. ಊಟದ ಗಂಟೆ ಹೊಡೆಯಿತು.

ವರದಿಯಲ್ಲಿ ಬರೆದೆ: ಚುಕ್ಕಿಗೆ ಎರಡೂವರೆ ಸೆಂಟಿಮೀಟರ್.
ತಾರಸಿಗಳ ಉದ್ದಗಲ ಕೂಡಿಬಂದಿದೆ. ಯಾರೂ ಏನೂ ಕೇಳುವುದಿಲ್ಲ.

ಮರುದಿನ ಉಳಿದೊಂದು ಬ್ಯಾಟರಿ ಹಾಕಿ,
ಲೆಕ್ಕಕ್ಕೆ ಸೇರಿಸದೆ,
ಏಳನೇ ಬ್ಲಾಕಿನ ಮೇಲೆ ಮೂವತ್ತು ಮೀಟರಿಗೆ ಇಳಿಸಿದೆ.
ಹಗ್ಗ ಬಂತು, ಕೂದಲೆಳೆಯಷ್ಟು.
ಅದರ ಮೇಲೆ ಹತ್ತು ಹನ್ನೆರಡು ಚುಕ್ಕಿ
ಕೆಂಪು, ಕೇಳಿದ್ದಲ್ಲ, ಕಂಡದ್ದು.
ಡಾಂಗ್ರಿ ಆಗಲೇ ಡ್ಯೂಟಿಗೆ ಹೋಗಿತ್ತು.