ಎಂಟು ಲಾಳ

ಬೆಟ್ಟದ ನೆತ್ತಿಯಲ್ಲಿ ಮೂರು ಪೈನ್ ಮರ.
ಅಲ್ಲಿಗೆ ಸೈಕಲ್ಲು ತಳ್ಳಿಕೊಂಡೇ ಬರಬೇಕು,
ತುಳಿದು ಹತ್ತುತ್ತೇನೆಂದವರ ಜಂಬ
ಎರಡನೇ ತಿರುವಿಗೇ ಇಳಿದುಹೋಗುತ್ತದೆ.
ಹೈಲ್ವೆನ್ ಮಾತ್ರ ತುಳಿದೇ ಬರುತ್ತಾಳೆ.
ಐವತ್ತೆರಡು ವಯಸ್ಸು, ಊರಿನ ಟಪಾಲಿನವಳು,
ಇಲ್ಲಿನ ಒಂದೊಂದು ನಾಯಿಗೂ
ಅವಳ ಹಿಮ್ಮಡಿಯ ರುಚಿ ಗೊತ್ತು.

ರೊಟ್ಟಿ ಮುರಿಯುತ್ತ ಹೇಳಿದಳು:
ಮೂರು ಪೈನ್ ಕಂಡರೆ ದನ ಹೊಡೆಯುವವರಿಗೆ ಗುರುತು,
ಇಲ್ಲಿ ಹುಲ್ಲುಂಟು, ನೀರುಂಟು, ರಾತ್ರಿಗೆ ಬಿಯರುಂಟು.
ವೇಲ್ಸಿನ ಕಪ್ಪು ದನ
ಲಂಡನ್ನಿನ ಸಂತೆಗೆ ನಡೆದೇ ಹೋಗುತ್ತಿದ್ದ ಕಾಲ.
ರೈಲು ಬಂತು. ಹಾದಿ ಹುಲ್ಲಾಯಿತು.
ಈಗ ಅದನ್ನು ಮತ್ತೆ ಸವೆಸುತ್ತಿರುವವರು ನಾವು,
ಭಾನುವಾರದವರು,
ಮಂಡಿಗೆ ಚಿಪ್ಪು ಕಟ್ಟಿಕೊಂಡು.

ಆಮೇಲೆ ಇಳಿಜಾರು.
ಸೀಟಿನಿಂದೆದ್ದು, ಸೊಂಟ ಹಿಂದಕ್ಕೆ,
ಬ್ರೇಕಿನ ಮೇಲೆ ಒಂದೇ ಬೆರಳು,
ಕಲ್ಲು, ಬೇರು, ಕೆಸರು, ಕಲ್ಲು,
ಜರಿಗಿಡ ಮೊಣಕಾಲಿಗೆ ಛಟಛಟ,
ಎಡಕ್ಕೆ ಗಾರೆಯಿಲ್ಲದ ಗೋಡೆ,
ಒಂದರ ಭಾರ ಇನ್ನೊಂದು ಹೊತ್ತು ನಿಂತ ಕಲ್ಲುಗಳು,
ಬಲಕ್ಕೆ ಏನೂ ಇಲ್ಲ,
ಕಣಿವೆ, ಅಷ್ಟೆ.
ದನ ಇಳಿದ ದಾರಿ, ಅದಕ್ಕೇ ಬಳಸು ದಾರಿ:
ಮೈ ಇಳಿದರೆ ಸಂತೆಯಲ್ಲಿ ಬೆಲೆ ಇಳಿಯುತ್ತಿತ್ತು,
ಯಾರೂ ಅವಸರಪಡಿಸುತ್ತಿರಲಿಲ್ಲ.
ಆ ನಿಧಾನದ ತಿರುವುಗಳ ಮೇಲೆ
ನಮ್ಮ ವೇಗ.

ಐದನೆಯ ತಿರುವಿಗೆ
ನನ್ನ ಹಿಂದಿನ ಗಾಲಿ ಉಸ್ಸೆಂದಿತು.

ಟೈರಿನಲ್ಲಿ ಒಂದು ಮೊಳೆ.
ಮೊಳೆಗೆ ಅಂಟಿಕೊಂಡು ಒಂದು ಕಬ್ಬಿಣದ ಚೂರು,
ಅಲ್ಪವಿರಾಮದ ಆಕಾರ.
ಹೈಲ್ವೆನ್ ಉಗುಳು ಹಚ್ಚಿ ಒರೆಸಿದಳು.
ಕುದುರೆಯದ್ದಲ್ಲ, ದನದ್ದು.
ಸೀಳು ಗೊರಸು, ಕಾಲಿಗೆರಡು,
ಒಂದು ಎತ್ತಿಗೆ ಎಂಟು ಲಾಳ.
ಹಗ್ಗ ಹಾಕಿ ಕೆಡವಿ, ಕತ್ತಿನ ಮೇಲೊಬ್ಬ ಕೂತು,
ಹಂದಿಯ ಕೊಬ್ಬಿನಲ್ಲಿ ಅದ್ದಿಟ್ಟ ಮೊಳೆ ಹೊಡೆಯುತ್ತಿದ್ದರಂತೆ.
ಹೆಬ್ಬಾತುಗಳಿಗೆ ಬೇರೆಯೇ ಪಾದರಕ್ಷೆ:
ಬಿಸಿ ಡಾಂಬರು, ಅದರ ಮೇಲೆ ಮರಳು.
ನಾನು ನಕ್ಕೆ.
ಅವಳು ನಗಲಿಲ್ಲ. ನನ್ನ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದಳು.

ಕೆಳಗೆ ಇಥೆಲನ ಗೇಟು.
ಸೈಕಲ್ಲಿನವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.
ಹೋದ ವರ್ಷ ಯಾರೋ ಗೇಟು ತೆರೆದಿಟ್ಟು ಹೋಗಿ
ನಲವತ್ತು ಕುರಿ ರಸ್ತೆಗಿಳಿದವು,
ಮೂರು ಹಾಲಿನ ಲಾರಿಗೆ ಸಿಕ್ಕವು.
ಅಂದಿನಿಂದ ಅವನು ನಮ್ಮೊಡನೆ ಮಾತಾಡುವುದು
ನಾಯಿಯ ಮೂಲಕ.

ಹೈಲ್ವೆನ್ ಅಂಗೈ ಚಾಚಿದಳು.
ಅವನು ಕನ್ನಡಕ ಹುಡುಕಿದ, ಹಾಕಿದ, ತೆಗೆದ,
ಒಳಗೆ ಹೋಗಿ ಕೊಟ್ಟಿಗೆಯ ಬಾಗಿಲಿಗೆ ಹೊಡೆದಿದ್ದ
ಇನ್ನೊಂದು ಚೂರನ್ನು ಕಿತ್ತು ತಂದ.
ಅಜ್ಜನ ಅಜ್ಜ ಲಾಳ ಕಟ್ಟುತ್ತಿದ್ದವನಂತೆ.
ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದ.
ಕೂಡಲಿಲ್ಲ.
ಒಂದು ದಪ್ಪ, ಒಂದು ತೆಳು;
ಮೇಲಾಗಿ ಎರಡೂ ಎಡಗಡೆಯವು.
ಕೂಡಿದ್ದರೆ ಕಥೆಯಾಗುತ್ತಿತ್ತು.

ಆಗ ಅವನು ಹೇಳಿದ, ನಮಗೇ, ನಾಯಿಗಲ್ಲ:
ದನ ಮಾರಿದ ಮೇಲೆ ಆಳುಗಳು ಅಲ್ಲೇ ಸುಗ್ಗಿಗೆ ನಿಲ್ಲುತ್ತಿದ್ದರು,
ನಾಯಿಗಳನ್ನು ಮುಂಚೆ ಊರಿಗೆ ಅಟ್ಟುತ್ತಿದ್ದರು.
ಇನ್ನೂರು ಮೈಲಿ, ಹೋದ ದಾರಿಯಲ್ಲೇ,
ಹೋಗುವಾಗ ತಂಗಿದ ಮನೆಗಳಲ್ಲೇ ತಂಗುತ್ತ;
ಅವು ತಿಂದ ಲೆಕ್ಕ ಮುಂದಿನ ವರ್ಷ ಚುಕ್ತಾ.
ನಾಯಿ ಅಂಗಳ ಮುಟ್ಟಿದರೆ
ಒಳಗಿನವರು ನೀರು ಕಾಯಿಸಲು ದಿನ ಎಣಿಸುತ್ತಿದ್ದರು.
ಒಂದು ವರ್ಷ ನಾಯಿ ಬಂತು.
ಅಷ್ಟೇ ಹೇಳಿ ಅವನು ಗೇಟು ತೆಗೆದ.

ಲಾಳ ಎರಡೂ ಅವನ ಜೇಬಿಗೆ ಹೋದವು,
ಯಾರೂ ಕೇಳಲಿಲ್ಲ.
ಮೊಳೆ ನನ್ನ ಬಳಿ ಇದೆ.
ದಾಟಿದ ಮೇಲೆ ಸೈಕಲ್ಲು ಗೋಡೆಗೆ ಒರಗಿಸಿ
ಹಿಂದಕ್ಕೆ ಬಂದು ಚಿಲಕ ಹಾಕಿದೆ,
ಅಲುಗಿಸಿ ನೋಡಿದೆ,
ಹತ್ತು ಹೆಜ್ಜೆ ಹೋಗಿ
ಮತ್ತೊಮ್ಮೆ ಬಂದು ನೋಡಿದೆ.