ಬೆಳದಿಂಗಳ ಬಾಬ್ತು

ಕೀಲಿ ತೆಗೆದ ಕೂಡಲೆ ಸೀನು ಬರ್ತಾವ, ಮೊದಲ ಮೂರು, ಆಮ್ಯಾಲ ಒಂದು.
ಗದಗ-ಬೆಟಗೇರಿಯ ಹಳೇ ಮುನಸಿಪಾಲ್ಟಿ
ಕೆಂಪು ಅರಿವ್ಯಾಗ ಗಂಟು ಕಟ್ಟಿಸಿಕೊಂಡು
ಫಳಿ ಮ್ಯಾಲ ಕುಂತೈತಿ, ಹಸಿ ಬಾಣಂತಿ ಹಂಗ, ಕಿವಿ ಕಟಗೊಂಡು.
ಸ್ಕ್ಯಾನ್ ಮಾಡಬೇಕು ನಾನು, ದಿನಕ್ಕ ಇನ್ನೂರು ಹಾಳಿ.
ಓದಬೇಕಂತ ಯಾರೂ ಹೇಳಿಲ್ಲ.

ಜಕಾತಿ ನಾಕಾದಾಗ ಹಿಡಿದ ಬೆಲ್ಲದ ಪೆಂಟಿ.
ಹುಚ್ಚು ನಾಯಿ ಬಾಲ ತಂದವರಿಗೆ ಎರಡಾಣೆ ಇನಾಮು.
ಪ್ಲೇಗಿನ ಓಣಿಗೆ ಸುಣ್ಣ; ಸುಣ್ಣ ಕಡಿಮಿ ಬಿತ್ತಂತ ಮತ್ತೊಂದು ಅರ್ಜಿ.
ಹಲಾಲಖೋರ ಪಟ್ಟಿ. ಪಟ್ಟಿ ಕೊಟ್ಟವರ ಹೆಸರಿಗೆ
ರಾವಸಾಹೇಬ್ರು, ದೇಸಾಯರು, ಅಪ್ಪನವರು;
ಬುಟ್ಟಿ ಹೊತ್ತವರಿಗೆ ಬರೇ ನಂಬರು, ಒಂದರಿಂದ ಹತ್ತೊಂಬತ್ತು.
ಹನ್ನೊಂದು ತೀರಿಕೊಂಡ ಮ್ಯಾಲ
ಹನ್ನೊಂದರ ಜಾಗಾಕ್ಕ ಮತ್ತೊಬ್ಬ ಹನ್ನೊಂದು.

ಹದಿನೆಂಟನೂರಾ ತೊಂಬತ್ತು... ಮುಂದಿನ ಅಂಕಿ ಹುಳ ತಿಂದೈತಿ.
ಆ ವರ್ಷದ ಠರಾವು:
"ಶುದ್ಧ ಏಕಾದಶಿಯಿಂದ ವದ್ಯ ಚತುರ್ಥಿಯ ತನಕ
ಚಂದ್ರನ ಬೆಳಕು ಸಾಕಷ್ಟು ಇರುವುದರಿಂದ
ರಸ್ತೆಯ ಕಂದೀಲುಗಳನ್ನು ಹಚ್ಚತಕ್ಕದ್ದಲ್ಲ.
ಎಣ್ಣೆಯ ಉಳಿತಾಯ, ಸಾಲಿಯಾನಾ ರೂಪಾಯಿ ಅರವತ್ತೊಂದು."
ಚಂದ್ರಾಮನ್ನೂ ನೌಕರಿಗೆ ಹಚ್ಚಿದ್ರು.
ಪಗಾರಿಲ್ಲ, ಸೂಟೀನೂ ಇಲ್ಲ.

ಮೂರು ಹಾಳಿ ದಾಟಿದ್ರ ಬುಡ್ನೇಸಾಬ ಬಿನ್ ಮಕ್ತುಮಸಾಬ,
ದೀಪ ಹಚ್ಚುವ ಆಳು. ನಿಚ್ಚಣಿಕಿ ಒಂದು, ಡಬ್ಬಿ ಒಂದು, ಪಗಾರ ಐದು.
ಆರೋಪ: ಆಷಾಢದ ಹುಣ್ಣಿಮೆಯ ರಾತ್ರಿ
ಮೂವತ್ತೇಳನೇ ನಂಬರದ ಕಂಬದ ಮೇಲೆ ದೀಪ ಉರಿದದ್ದು.
ಜಬಾಬು, ಆಡಿದ್ದು ಆಡಿದಂಗ ಬರಕೊಂಡಾರ:
"ಪಂಚಾಂಗದಾಗ ಚಂದ್ರಾಮ ಇದ್ದನ್ರಿ. ಓಣ್ಯಾಗ ಇರಲಿಲ್ಲ.
ಮೋಡ ಕವಿದಿತ್ತು. ಗಟಾರ ತೋಡಿ ಬಿಟ್ಟಾರ ಸಾಹೇಬ್ರ, ಮುಚ್ಚಿಲ್ಲ.
ಸೂಲಗಿತ್ತಿ ಈರವ್ವ ನೇಕಾರ ಓಣಿಗೆ ಅದ ದಾರೀಲೆ..."

ಇಲ್ಲಿಗೆ ಫೋನು ಬಂತು. ಮಗ್ಗಲ ಮನೀಕಿ.
"ನೀರ ಬಿಟ್ಟಾರ, ಹದಿನೆಂಟು ದಿನದ ಮ್ಯಾಲ. ಲಗೂ ಬಾ."
ಸಾಹೇಬ್ರಿಗೆ ಹೇಳಿ... ಹೇಳಲಿಲ್ಲ, ಸುಳ್ಳ್ಯಾಕ, ಸ್ಕೂಟಿ ಹತ್ತಿ ಹೋದೆ.
ಟಾಂಗಾಕೂಟದಾಗ ಮಟಮಟ ಮಧ್ಯಾಹ್ನ
ಬೀದಿ ದೀಪ ಉರಿಯಾಕತ್ತಿದ್ವು, ಯಾರಿಗೂ ದಂಡ ಇಲ್ಲದ.
ಕೊಡ, ಬಕೀಟು, ಚರಗಿ, ಕುಕ್ಕರು ಸೈತ ತುಂಬಿಟ್ಟು
ತೊಯ್ದ ಸೀರಿಲೆ ತಿರುಗಿ ಬಂದ್ರ
ಅಂವ ಅಲ್ಲೇ ನಿಂತಿದ್ದ, ಮಾತಿನ ನಡುವ,
ನಿಚ್ಚಣಿಕಿ ಹೆಗಲ ಮ್ಯಾಲ.

"...ಬರಬೇಕ್ರಿ. ಆಕಿ ಬಿದ್ರ ಮೂರು ಜೀವದ ಲೆಕ್ಕ.
ಎಣ್ಣಿ ಎರಡು ಬಟ್ಟು ಸುಟ್ಟೀನಿ. ಖರೇ."

ಎಣ್ಣೆಯ ಬಾಬ್ತು ಒಂದಾಣೆ, ದಂಡ ನಾಲ್ಕಾಣೆ, ಪಗಾರದಲ್ಲಿ ವಜಾ.
ಕೆಳಗ ಆರು ಸಹಿ, ಎರಡು ಮೋಡಿಯೊಳಗ, ಒಂದು ಇಂಗ್ಲೀಷಿನ್ಯಾಗ.
ಅಂಚಿಗೆ ಅಂವನ ಹೆಬ್ಬಟ್ಟು.
ಶಾಯಿ ಇರಲಿಕ್ಕಿಲ್ಲ ಅದು. ಕಾಡಿಗಿ.

ಕಂಪ್ಯೂಟರಿನ್ಯಾಗ "ವಿಷಯ" ಒತ್ತಿದ್ರ
ನೀರು, ರಸ್ತೆ, ತೆರಿಗೆ, ಸಿಬ್ಬಂದಿ, ಇತರೆ.
ಹೊತ್ತು ಹೋತು. ಇತರೆ ಒತ್ತಿದೆ.

ಮನೀಗೆ ಹೋಗಬೇಕಿತ್ತು, ಕೈ ಕೇಳಲಿಲ್ಲ.
ಮುಂದಿನ ವರ್ಷದ ಸಾಮಾನಿನ ಬುಕ್ಕು ಬಿಚ್ಚಿದೆ.
ಕಂದೀಲಿನ ಬತ್ತಿ, ಕಂಬವಾರು ಖರ್ಚು.
ಮೂವತ್ತಾರಕ್ಕ ಆರು.
ಮೂವತ್ತೆಂಟಕ್ಕ ಆರು.
ಮೂವತ್ತೇಳಕ್ಕ ಒಂಬತ್ತು.
ಅದರಾಚೆ ವರ್ಷ ಒಂಬತ್ತು. ಅದರಾಚೆನೂ.
ಗಟಾರ ಮುಚ್ಚಿದ ಬಿಲ್ಲು ಎಲ್ಲೂ ಸಿಗಲಿಲ್ಲ.
"ಶೇರಾ" ಅನ್ನೋ ಮನ್ಯಾಗ ಯಾವನೋ ಕಾರಕೂನ,
ಮ್ಯಾಲಿನವರ ಚಾಳೀಸಿಗೆ ಸಿಗದಷ್ಟು ಸಣ್ಣ ಅಕ್ಷರದಾಗ
ಮೂರು ವರ್ಷವೂ ಒಂದ ಮಾತು ಬರದಾನ:
ಈ ಕಂಬಕ್ಕೆ ಗಾಳಿ ಹೆಚ್ಚು.